ಹಾಲಣ್ಣನ ಕೊಸರು

ಚಪ್ಪಲಿಯೊಳಗೆ ಕಾಲು ಹೋಗಲಿಲ್ಲ.

"ನಾಳೆ ಮನೆಗೆ ಕಳಿಸ್ತೀನಿ, ಸಂತೋಷ ತಾನೆ?" ಎಂದು ಹೇಳಿ, ಉತ್ತರಕ್ಕೂ ಕಾಯದೆ ಸಣ್ಣ ಡಾಕ್ಟರು ಪಕ್ಕದ ವಾರ್ಡಿಗೆ ಹೋಗಿದ್ದ ಸಂಜೆ ಅದು. ಕಂಡಕ್ಟರಮ್ಮ ಮಂಚದ ಕೆಳಗಿನ ಚೀಲ ಎಳೆದಳು. ಆಪರೇಷನ್ನಿಗೆ ಒಳಗೆ ಕರೆದುಕೊಂಡು ಹೋದ ದಿನ ಬಡಗಿ ಗಂಡ ಬಿಚ್ಚಿಟ್ಟಿದ್ದ ಚಪ್ಪಲಿ ತೆಗೆದು, ಒಂದಕ್ಕೊಂದು ಬಡಿದು ಧೂಳು ಕೊಡವಿ, ಮುಂದಿಟ್ಟಳು. ಬಡಗಿ ಮಂಚದ ಅಂಚಿಗೆ ಜರುಗಿ ಕಾಲು ತೂರಿಸಿದ. ಚಪ್ಪಲಿಯ ಉಂಗುಟದೊಳಗೆ ಹೆಬ್ಬೆರಳಿನ ತುದಿ ಕೂಡ ಹಿಡಿಸಲಿಲ್ಲ.

"ಚಪ್ಪಲಿ ಒಣಗಿ ಕುಗ್ಗಿದೆ ಕಣೇ" ಎಂದ.

"ಚಪ್ಪಲಿ ಕುಗ್ಗತ್ತಾ? ನೀವು ಮಾಡಿಕೊಟ್ಟ ಬಾಗಿಲು ಮಳೆಗಾಲದಲ್ಲಿ ಉಬ್ಬಿದಾಗ ಚೌಕಟ್ಟು ಕುಗ್ಗಿದೆ ಅಂತ ಗಿರಾಕಿಗೆ ಹೇಳ್ತಿದ್ರಲ್ಲ, ಹಾಗಾ?"

ಬಡಗಿ ನಗಲು ಹೋಗಿ ಕೆಮ್ಮಿದ. ಕೆಮ್ಮಿದರೆ ಎದೆಯ ಹೊಲಿಗೆ ಎಳೆಯುತ್ತದೆಂದು ದಿಂಬನ್ನು ಎದೆಗವಚಿಕೊಂಡ. ಅವಳು ಬಗ್ಗಿ ಅವನ ಕಣಕಾಲಿನ ಮೇಲೆ ಹೆಬ್ಬೆರಳು ಒತ್ತಿದಳು. ಕಲಸಿದ ಹಿಟ್ಟಿಗೆ ಒತ್ತಿದ ಹಾಗೆ ಗುಳಿ ಬಿತ್ತು. ಬಿದ್ದ ಗುಳಿ ಬಿದ್ದ ಹಾಗೇ ಇತ್ತು.

ಈ ಕಂಡಕ್ಟರಮ್ಮ ಅರ್ಧ ಆಯುಷ್ಯವನ್ನು ಬಸ್ಸಿನ ಮೆಟ್ಟಿಲ ಮೇಲೆ ನಿಂತೇ ಕಳೆದವಳು. ಅವಳ ಗಂಟಲು ಮುಂದಿನ ಸ್ಟಾಪಿಗೂ ಕೇಳುತ್ತದೆ ಎಂದು ಡ್ರೈವರುಗಳು ಹೇಳುತ್ತಿದ್ದರು. ಕೋಪವಂತೂ ಮೂಗಿನ ತುದಿಯಲ್ಲಲ್ಲ, ತುಟಿಯ ಮೇಲೇ ಕುಳಿತಿರುತ್ತಿತ್ತು. ಬೆಳಿಗ್ಗೆ ಎದ್ದರೆ ಆಸ್ಪತ್ರೆಯ ನೆಲಕ್ಕೆ ಬೈಗುಳ, ಬಾರದ ನಲ್ಲಿಗೆ ಬೈಗುಳ, ಕೀಲು ಕಿರುಗುಟ್ಟುವ ಬಾಗಿಲಿಗೆ ಬೈಗುಳ. "ಈ ನೆಲದ ಮೇಲೆ ಮಲಗಿ ಮಲಗಿ ನನ್ನ ಸೊಂಟ ಮುರೀತು. ರೋಗಿ ಮನೆಗೆ ಹೋಗೋ ಹೊತ್ತಿಗೆ ನನ್ನನ್ನ ಇಲ್ಲಿ ಸೇರಿಸ್ಕೊಳ್ಳಿ" ಎಂದು ದಿನಾ ಹೇಳುವಳು. ಯಾರೂ ಉತ್ತರ ಕೊಡುತ್ತಿರಲಿಲ್ಲ. ಗಾಳಿ ಬೀಸಿದ್ದಕ್ಕೆ ಯಾರಾದರೂ ಉತ್ತರ ಕೊಡುತ್ತಾರೆಯೇ?

ಈಗ ಅವಳು ನೇರ ಸಿಸ್ಟರ್ ಮೇಜಿನ ಬಳಿ ಹೋಗಿ ನಿಂತಳು.

"ಸಿಸ್ಟರ್, ಇವರ ಕಾಲು ಊದಿದೆ. ನಾಳೆ ಮನೆಗೆ ಹೇಗೆ ಕಳಿಸ್ತೀರಾ?"

ಸಿಸ್ಟರ್ ಒಂದು ಕೈಯಲ್ಲಿ ಇಂಜೆಕ್ಷನ್ ತುಂಬುತ್ತ, ಕುತ್ತಿಗೆಯಲ್ಲಿ ಫೋನ್ ಸಿಕ್ಕಿಸಿಕೊಂಡಿದ್ದಳು. ಫೋನ್ ಇಟ್ಟು ಹೇಳಿದಳು, "ಅಮ್ಮಾ, ಎದೆ ತೆರೆದು ಆಪರೇಷನ್ ಮಾಡಿದಾಗ ಮೈಗೆ ಬೇಕಾದಷ್ಟು ದ್ರವ ಸೇರಿರತ್ತೆ. ಅದು ಆಚೆ ಬರಬೇಕು. ಬರದೆ ಉಳಿದ್ರೆ ಕಾಲಿಗೆ ಇಳಿಯತ್ತೆ, ಆಮೇಲೆ ಶ್ವಾಸಕೋಶಕ್ಕೆ ಏರತ್ತೆ. ಅದಕ್ಕೇ ಕುಡಿದಿದ್ದು ಎಷ್ಟು, ಹೋಗಿದ್ದು ಎಷ್ಟು ಅಂತ ನಾವು ಅಳೆಯೋದು. ನಿಮ್ಮ ಯಜಮಾನ್ರದು ಈ ವಾರ್ಡಲ್ಲೇ ಫಸ್ಟ್ ಕ್ಲಾಸ್. ಮೂತ್ರದ ಜಗ್ಗು ತುಂಬ್ತಾ ಇದೆ. ಅದಕ್ಕೇ ಇಂಜೆಕ್ಷನ್ ನಿಲ್ಲಿಸಿ ಮಾತ್ರೆಗೆ ಹಾಕಿದ್ದಾರೆ."

"ಜಗ್ಗು ತುಂಬಿದ್ರೆ ಕಾಲು ಯಾಕೆ ತುಂಬಿದೆ?"

ಸಿಸ್ಟರ್ ಇಂಜೆಕ್ಷನ್ನನ್ನು ಟ್ರೇಯಲ್ಲಿಟ್ಟಳು. "ತೂಕ ನೋಡಿದ್ರೆ ಗೊತ್ತಾಗ್ತಿತ್ತು. ತೂಕದ ಯಂತ್ರ ರಿಪೇರಿಗೆ ಹೋಗಿದೆಯಲ್ಲ."

"ಅದು ಹೋಗಿದ್ದು ಯಾವಾಗ? ನಾವು ಬಂದಾಗ್ಲೇ ಹೋಗಿತ್ತು. ಆ ಯಂತ್ರಕ್ಕೂ ಬೈಪಾಸ್ ಮಾಡ್ತಿದ್ದಾರಾ?"

"ಬರೆದು ಕಳಿಸಿದೀನಮ್ಮಾ" ಎಂದಳು ಸಿಸ್ಟರ್. ಆ ಮಾತನ್ನು ಅವಳು ಎಷ್ಟು ಜನಕ್ಕೆ ಹೇಳಿದ್ದಳೋ, ಬಾಯಲ್ಲಿ ಸವೆದು ನುಣ್ಣಗಾಗಿತ್ತು. "ನಾಳೆ ಬೆಳಿಗ್ಗೆ ರೌಂಡ್ಸಲ್ಲಿ ಕಾಲು ತೋರಿಸಿ."

ಇಲ್ಲಿ ಪಕ್ಕದ ಮಂಚದವನ ವಿಷಯ ಹೇಳಬೇಕು. ಅವನು ಹಾಲಿನವನು. ಮನೆಮನೆಗೆ ಸೈಕಲ್ಲಿನಲ್ಲಿ ಕ್ಯಾನು ಕಟ್ಟಿಕೊಂಡು ಹೋಗಿ ಹಾಲು ಅಳೆದು ಕೊಡುತ್ತಿದ್ದವನು. ಹೆಂಡತಿ ತೀರಿಕೊಂಡಿದ್ದಳು, ನೋಡಲು ಬರುವವರು ಹಳೆಯ ಗಿರಾಕಿಗಳೇ. ಬಂದವರೆಲ್ಲ ಒಂದೇ ಮಾತು ಹೇಳುವರು: "ಹಾಲಣ್ಣ ಅಳತೆ ಮುಗಿದ ಮೇಲೆ ಕೊಸರು ಹಾಕದೆ ಹೋದ ದಿನವೇ ಇಲ್ಲ." ಲೋಟ ತುಂಬಿದ ಮೇಲೂ ಮಣಿಕಟ್ಟನ್ನು ಒಂದಿಷ್ಟು ಜಾಡಿಸಿ, ಪಾತ್ರೆಗೆ ಇನ್ನೊಂದು ಗುಟುಕು ಹಾಕುವ ಆ ಕೈಚಳಕಕ್ಕೇ ಜನ ಅವನ ಸೈಕಲ್ ಬೆಲ್ಲಿಗೆ ಕಾಯುತ್ತಿದ್ದರಂತೆ. ಅವನ ಹೃದಯದ ಬಾಗಿಲೊಂದು ಕೆಟ್ಟು ಹೊಸದು ಕೂರಿಸಿದ್ದರು. "ನಿಮ್ಮಂಥ ಬಡಗಿ ಇದ್ದೂ ನನ್ನ ಬಾಗಿಲನ್ನ ಬೇರೆಯವ್ರು ಕೂರಿಸಿದ್ರಲ್ಲ" ಎಂದು ಬಂದ ದಿನವೇ ತಮಾಷೆ ಮಾಡಿ, ಬಡಗಿಯನ್ನು ಸ್ನೇಹಿತನನ್ನಾಗಿ ಮಾಡಿಕೊಂಡಿದ್ದ. ಕಂಡಕ್ಟರಮ್ಮನನ್ನು "ತಂಗೀ" ಎಂದ. ಅವಳೂ "ಹಾಲಣ್ಣಾ" ಎಂದಳು. ತನಗೆ ತಂದ ಊಟದಲ್ಲಿ ಅವನಿಗೂ ಒಂದು ಪಾಲು ತೆಗೆದಿಡುತ್ತಿದ್ದಳು.

ಇತ್ತೀಚೆಗೆ ಹಾಲಣ್ಣ ಬಾಡಿದ್ದ. ತುಟಿ ಒಣಗಿ ಸೀಳಿತ್ತು. ಎದ್ದು ನಿಂತರೆ ಮಂಚದ ಸರಳು ಹಿಡಿಯುತ್ತಿದ್ದ. ಸಣ್ಣ ಡಾಕ್ಟರು ದಿನಾ ಅವನ ಮಂಚದ ಬುಡದಲ್ಲಿ ನಿಂತು, "ಏನ್ರೀ, ನಿಮ್ಮದು ಬರ್ತಾನೇ ಇಲ್ವಲ್ಲ? ಪಕ್ಕದವ್ರನ್ನ ನೋಡಿ ಕಲೀರಿ" ಎಂದು ಗದರಿ, ಇಂಜೆಕ್ಷನ್ ಏರಿಸಿ ಹೋಗುತ್ತಿದ್ದರು. ಹಾಲಣ್ಣ ತಲೆ ತಗ್ಗಿಸಿ ಮುಗುಳ್ನಗುತ್ತಿದ್ದ. ಬಡಗಿಯೂ ತಲೆ ತಗ್ಗಿಸುತ್ತಿದ್ದ. ಹೆಂಡತಿ ಅದನ್ನು ಸಂಕೋಚ ಎಂದುಕೊಂಡಿದ್ದಳು.

ಮಾರನೆಯ ಬೆಳಿಗ್ಗೆ ಅವಳು ಬಾಟಲಿ ಹಿಡಿದು ನೀರಿಗೆ ಹೋದಳು. ನಲ್ಲಿ ಎಂದಿನಂತೆ ಬರೀ ಗಾಳಿ ಊದಿತು. ನಲ್ಲಿಗೆ ಎರಡು ಮಾತು ಅಂದು, ಖಾಲಿ ಬಾಟಲಿಯೊಂದಿಗೆ ಬೇಗನೇ ತಿರುಗಿ ಬಂದಳು. ಗಂಡನ ಮಂಚದ ಸುತ್ತ ಪರದೆ ಎಳೆದಿತ್ತು. ಬೆಳಗಿನ ಜಗ್ಗಿನ ಕೆಲಸ ನಡೆಯುತ್ತಿರಬೇಕೆಂದು ಅವಳು ಹೊರಗೇ ನಿಂತಳು. ಆದರೆ ಪರದೆಯ ಕೆಳಗೆ ಎರಡು ಜೊತೆ ಕಾಲು ಕಂಡವು. ಒಂದು ಜೊತೆ ಊದಿದ್ದು, ಇನ್ನೊಂದು ಜೊತೆ ಒಣಗಿದ ಸೌದೆಯಂಥದು.

ಟಿಕೆಟ್ಟಿಲ್ಲದೆ ಹಿಂದಿನ ಸೀಟಿನಲ್ಲಿ ನಿದ್ದೆ ನಟಿಸುವವರನ್ನು ಹಿಡಿದ ಕೈ ಅದು. ಸರಕ್ಕನೆ ಪರದೆ ಎಳೆದಳು.

ಹಾಲಣ್ಣ ಎರಡು ಕೈಯಲ್ಲಿ ಎರಡು ಜಗ್ಗು ಹಿಡಿದು ನಿಂತಿದ್ದ. ತನ್ನ ಜಗ್ಗಿನಿಂದ ಬಡಗಿಯ ಜಗ್ಗಿಗೆ ಹೊಯ್ಯುತ್ತಿದ್ದ. ಸಣ್ಣಗೆ, ನೇರ ಧಾರೆ. ಒಂದು ಹನಿ ಹೊರಗೆ ಬೀಳುತ್ತಿರಲಿಲ್ಲ. ಗೆರೆ ಮುಟ್ಟಿದ ಮೇಲೆ ನಿಲ್ಲಿಸಿದ. ಅವಳನ್ನು ಇನ್ನೂ ನೋಡಿರಲಿಲ್ಲ. ಮಣಿಕಟ್ಟು ಜಾಡಿಸಿ ಇನ್ನೊಂದಿಷ್ಟು ಹಾಕಿದ.

ಕೊಸರು.

"ಏನಿದು?"

ಇಬ್ಬರು ಗಂಡಸರೂ, ಅಡುಗೆಮನೆಯಲ್ಲಿ ಸಿಕ್ಕಿಬಿದ್ದ ಬೆಕ್ಕುಗಳ ಹಾಗೆ ನೋಡಿದರು.

"ಮೆಲ್ಲಗೆ ಮಾತಾಡೇ" ಎಂದ ಬಡಗಿ. ಎರಡು ಪದಕ್ಕೆ ಎರಡು ಸಲ ಉಸಿರೆಳೆದ.

"ತಂಗೀ, ತಪ್ಪು ತಿಳೀಬೇಡ" ಎಂದ ಹಾಲಣ್ಣ. "ನನಗೆ ಧಾರಾಳವಾಗಿ ಬರತ್ತೆ. ಇವರಿಗೆ ಕಮ್ಮಿ. ಜಗ್ಗು ತುಂಬಿದ್ರೆ ಮನೆಗೆ ಕಳಿಸ್ತೀನಿ ಅಂದ್ರಲ್ಲ ಡಾಕ್ಟ್ರು. ಒಂಚೂರು ಕೊಸರು ಹಾಕಿದೆ, ಅಷ್ಟೇ. ಮೊದಮೊದಲು ಸಾಕಾಗ್ತಿರ್ಲಿಲ್ಲ. ಈಗ ನನಗೆ ಇಂಜೆಕ್ಷನ್ ಜಾಸ್ತಿ ಮಾಡಿದ ಮೇಲೆ ಇಬ್ರಿಗೂ ಆಗಿ ಮಿಗತ್ತೆ."

ಗಂಡನ ಕಾಲು, ಹಾಲಣ್ಣನ ತುಟಿ, ದಿನಾ ಕೇಳಿದ ಗದರಿಕೆ, ನಿಂತುಹೋದ ಇಂಜೆಕ್ಷನ್, ಎಲ್ಲವೂ ಒಂದೇ ಸಲಕ್ಕೆ ಬಸ್ಸು ಹತ್ತಿದ ಹಾಗೆ ಅವಳ ತಲೆಯೊಳಗೆ ನುಗ್ಗಿ ಬಂದವು.

"ಊರಲ್ಲಿ ಹಾಲಿಗೆ ನೀರು ಬೆರೆಸೋರನ್ನ ನೋಡಿದೀನಿ. ಇದಕ್ಕೂ ಬೆರಕೆ ಮಾಡೋ ಹಾಲಿನವನನ್ನ ಇವತ್ತೇ ನೋಡಿದ್ದು!"

ಹಾಲಣ್ಣನ ಮುಖ ಕಪ್ಪಿಟ್ಟಿತು. "ಬೆರಕೆ ಅಂತ ಮಾತ್ರ ಅನ್ನಬೇಡ ತಂಗಿ. ನನ್ನ ತಾಯಾಣೆ, ಜೀವಮಾನದಲ್ಲಿ ಬೆರಕೆ ಮಾಡಿಲ್ಲ. ಇದೂ ಅಪ್ಪಟ."

ಬೇರೆ ದಿನವಾಗಿದ್ದರೆ ಅವಳು ನೆಲಕ್ಕೆ ಕುಸಿದು ನಗುತ್ತಿದ್ದಳು. ಇವತ್ತು ಗಂಡನ ಕಡೆ ತಿರುಗಿದಳು.

"ನಿಮಗೆ ಬುದ್ಧಿ ಎಲ್ಲಿ ಹೋಗಿತ್ತು? ಅವರು ಹಾಲಿನವರು, ಅಳತೆ ಕಮ್ಮಿ ಕಂಡ್ರೆ ಕೈ ತಾನಾಗೇ ಬಗ್ಗತ್ತೆ. ನೀವು? ಅರ್ಧ ಬೆರಳು ಹೆಚ್ಚುಕಮ್ಮಿ ಆದ್ರೆ ಇಡೀ ಕಿಟಕಿ ಬಿಚ್ಚಿ ಮತ್ತೆ ಮಾಡೋರು. ನಿಮ್ಮ ಮೈಯ ಅಳತೆಗೆ ಸುಳ್ಳು ಹೇಳಿದ್ರಾ?"

ಬಡಗಿ ದಿಂಬಿಗೆ ಒರಗಿ ಕೂತಿದ್ದ. ಈಚೆಗೆ ಅವನು ಮಲಗುತ್ತಲೇ ಇರಲಿಲ್ಲ, ಕೂತೇ ನಿದ್ದೆ ಮಾಡುತ್ತಿದ್ದ; ಕೇಳಿದರೆ ಗ್ಯಾಸು ಅನ್ನುತ್ತಿದ್ದ. ಉಸಿರು ಗರಗಸದ ಹಾಗೆ ಬರುತ್ತಿತ್ತು.

"ನಿನ್ನ ಸೊಂಟ..." ಎಂದ.

"ನನ್ನ ಸೊಂಟಕ್ಕೇನಾಯ್ತು?"

"ದಿನಾ ಹೇಳ್ತೀಯಲ್ಲ. ನೆಲದ ಮೇಲೆ ಮಲಗಿ ಮುರೀತು ಅಂತ. ಏಳುವಾಗ ಗೋಡೆ ಹಿಡ್ಕೊಂಡು ಏಳ್ತೀಯ. ನಾನು ಮೇಲಿಂದ ನೋಡ್ತಾ ಇರ್ತೀನಿ. ಮನೆಗೆ ಹೋದ್ರೆ ಮಂಚ ಇದೆ. ನಾನು ಅಲ್ಲೇ ಸುಧಾರಿಸ್ಕೋತೀನಿ. ಇವತ್ತೊಂದು ದಿನ ಸುಮ್ನಿರು. ಡಾಕ್ಟ್ರು ಬಂದು ಸಹಿ ಹಾಕಿ ಹೋಗ್ಲಿ."

ಕಂಡಕ್ಟರಮ್ಮ ಖಾಲಿ ಬಾಟಲಿಯನ್ನು ನೆಲಕ್ಕೆ ಕುಕ್ಕಿದಳು. ಮಾತಿನಿಂದ, ಮದುವೆಯಾದಾಗಿನಿಂದ ಉಳಿಸಿಕೊಂಡಿದ್ದ ಬಹುವಚನ ಹಾರಿಹೋಗಿತ್ತು.

"ನನ್ನ ಸೊಂಟದ ಹೆಸರು ಹೇಳ್ಕೊಂಡು ಸಾಯೋಕೆ ಹೊರಟಿದ್ದೀಯಾ ನೀನು? ನಾಳೆ ನಿನ್ನನ್ನ ಹೊತ್ಕೊಂಡು ಹೋಗುವಾಗ ಜನ ಕೇಳಿದ್ರೆ ಏನು ಹೇಳ್ಲಿ? ನನ್ನ ಬಾಯಿಂದ ಸತ್ತ ಅಂತ ಹೇಳ್ಲಾ? ನಾನು ಬೈತೀನಯ್ಯಾ! ಬೈಯೋದು ನನ್ನ ಅಭ್ಯಾಸ! ನಲ್ಲಿಗೂ ಬೈತೀನಿ, ನಲ್ಲಿ ಏನು ಹೋಗಿ ಬಾವಿಗೆ ಹಾರ್ಕೊಂಡಿತಾ?"

"ತಂಗೀ, ಕೈ ಮುಗೀತೀನಿ" ಎಂದ ಹಾಲಣ್ಣ. "ಡಾಕ್ಟ್ರಿಗೆ ಹೇಳಬೇಡ. ನನ್ನ ಗಿರಾಕಿಗಳಿಗೆ ಗೊತ್ತಾದ್ರೆ ಅಳತೆಯಲ್ಲಿ ಮೋಸ ಮಾಡಿದ ಅಂತಾರೆ. ಆ ಒಂದು ಮಾತು ಕೇಳದೇ ಬದುಕಿದೀನಿ." ಕೈ ಮುಗಿಯಲು ಜಗ್ಗು ಕೆಳಗಿಟ್ಟ. ನೆಟ್ಟಗಾಗುವಾಗ ಅವನ ಕಣ್ಣು ಮೇಲೆ ಹೋಯಿತು. ಸರಳಿಗೆಂದು ಚಾಚಿದ ಕೈ ಪರದೆ ಹಿಡಿಯಿತು. ಪರದೆ, ಕಂಬಿ, ಹಾಲಣ್ಣ ಮೂವರೂ ಒಟ್ಟಿಗೆ ನೆಲಕ್ಕೆ ಬಂದರು.

"ಹೋಲ್ಡಾನ್!"

ಬಸ್ಸು ನಿಲ್ಲಿಸುವ ಕಂಡಕ್ಟರಮ್ಮನ ಆ ಕೂಗನ್ನು ವಾರ್ಡಿನ ಗೋಡೆಗಳು ಅದುವರೆಗೆ ಕೇಳಿರಲಿಲ್ಲ. ಕಾರಿಡಾರಿನಲ್ಲಿ ಊಟದ ಗಾಡಿ ತಳ್ಳುತ್ತಿದ್ದವಳು ಗಾಡಿ ನಿಲ್ಲಿಸಿದಳು. ಲಿಫ್ಟಿನ ಬಾಗಿಲು ಮುಚ್ಚುತ್ತಿದ್ದವನು ಕೈ ಹಿಂದೆಗೆದ. ಸಿಸ್ಟರ್ ಓಡಿ ಬಂದಳು. "ಇದೇನಮ್ಮಾ, ಬಸ್ ಸ್ಟ್ಯಾಂಡಾ?" ಎನ್ನುತ್ತಲೇ ಬಂದವಳು ನೆಲದ ಮೇಲಿದ್ದವನನ್ನು ಕಂಡು ಕೂಡಲೇ ಮಂಡಿಯೂರಿ ಅವನ ಕಾಲುಗಳನ್ನು ಎತ್ತಿ ಹಿಡಿದಳು. ಅವಳ ಹಿಂದೆಯೇ, ಬೆಳಗಿನ ರೌಂಡ್ಸಿಗೆ ಹೊರಟಿದ್ದ ಸಣ್ಣ ಡಾಕ್ಟರು.

ಕಂಡಕ್ಟರಮ್ಮ ಹೇಳಿದಳು. ಗಂಡ "ಬೇಡ ಕಣೇ" ಎನ್ನುತ್ತಿದ್ದ ಹಾಗೇ, ಹಾಲಣ್ಣ ನೆಲದ ಮೇಲಿಂದ ಕಣ್ಣಲ್ಲೇ ಬೇಡುತ್ತಿದ್ದ ಹಾಗೇ, ಒಂದನ್ನೂ ಬಿಡದೆ ಎಲ್ಲ ಹೇಳಿದಳು. ಎರಡು ಜಗ್ಗನ್ನೂ ತೋರಿಸಿದಳು.

ಡಾಕ್ಟರು ಒಂದು ಗಳಿಗೆ ನಂಬಲಿಲ್ಲ. ಆಮೇಲೆ ಅವರ ತುಟಿ ಅದುರಿತು. "ಇದೊಳ್ಳೆ ಹಾಲಿನ ಸೊಸೈಟಿ ಆಯ್ತಲ್ಲ!" ಎಂದರು. ಆಚೆ ಮಂಚದವರು ಯಾರೋ ಕಿಸಕ್ಕೆಂದರು. ನಗು ಒಂದು ಮಂಚದಿಂದ ಇನ್ನೊಂದಕ್ಕೆ ಹೊತ್ತಿಕೊಂಡಿತು. ಹೊಲಿಗೆ ಹಾಕಿದ ಎದೆಗಳೆಲ್ಲ ದಿಂಬು ಅವಚಿಕೊಂಡು ನಕ್ಕವು.

"ನಗಿ" ಎಂದಳು ಅವಳು. ದನಿ ಏರಲಿಲ್ಲ. ಅದಕ್ಕೇ ಎಲ್ಲರಿಗೂ ಕೇಳಿಸಿತು. "ನಗಿ ಡಾಕ್ಟ್ರೇ. ನೀವು ಈ ಮಂಚದ ಹತ್ರ ದಿನಾ ಬಂದ್ರಿ. ಬುಡದಲ್ಲಿ ನಿಂತು ಹಾಳೆ ಓದಿದ್ರಿ, ಶಭಾಷ್ ಅಂದ್ರಿ, ಹೋದ್ರಿ. ಒಂದು ದಿನ ಹೊದಿಕೆ ಎತ್ತಿ ಈ ಕಾಲು ನೋಡಿದ್ರಾ? ಹಾಲಣ್ಣನ್ನ ದಿನಾ ಗದರಿದ್ರಿ. ಬಾಯಿ ತೆಗಿ, ನಾಲಿಗೆ ತೋರಿಸು ಅಂದ್ರಾ?"

ಡಾಕ್ಟರ ಮುಖ ಕೆಂಪಾಯಿತು. ಅವರೂ ಎಳೆಯರೇ, ಕಣ್ಣಿನ ಕೆಳಗೆ ಹಿಂದಿನ ದಿನದ ನಿದ್ದೆ ಹಾಗೇ ಬಾಕಿ ಇತ್ತು. "ಅಮ್ಮಾ, ಈ ಮಹಡಿಗೆಲ್ಲ ನಾನೊಬ್ಬ. ಸುಳ್ಳು ಅಳತೆ ಕೊಟ್ಟವನು ನಾನಾ? ನಿಮ್ಮವರೇ ಮೋಸ ಮಾಡಿದ್ರೆ ನಾನೇನು ಮಾಡ್ಲಿ? ಆ ಹಾಳೆ ನಂಬಿ ತಾನೆ ನಾನು ಔಷಧಿ ಕೊಡೋದು?"

ಅವರು ಹೇಳಿದ್ದು ನಿಜವೇ. ಜಗ್ಗು ತುಂಬಿಸಿದ್ದು ಡಾಕ್ಟರಲ್ಲ. ಆದರೆ ನಿಜವೆಂದು ಕೋಪ ಹೋಗುತ್ತದೆಯೇ? ದಾರಿ ಸಿಗದ ನೀರಿನ ಹಾಗೆ ಅದು ಎದೆಗೇ ಏರಿತು.

"ತೂಕದ ಯಂತ್ರ ಎಲ್ಲಿ?" ಎಂದಳು. "ಜಗ್ಗು ಸುಳ್ಳು ಹೇಳಬಹುದು. ಮನುಷ್ಯ ಹೇಳಬಹುದು. ತೂಕ ಹೇಳತ್ತಾ? ಅದೊಂದು ಇಲ್ಲಿದ್ದಿದ್ರೆ ಇವರಿಬ್ಬರ ಆಟ ಮೊದಲ ದಿನವೇ ಗೊತ್ತಾಗ್ತಿತ್ತು. ಎಲ್ಲಿದೆ ಅದು?"

ಹಾಲಣ್ಣನನ್ನು ಮಂಚಕ್ಕೆ ಏರಿಸಿದ್ದ ಸಿಸ್ಟರ್ ಎದ್ದಳು. ಯಾರನ್ನೂ ನೋಡದೆ ಹೊರಗೆ ಹೋದಳು. ಕಾರಿಡಾರಿನಲ್ಲಿ ಯಾರದೋ ಜಗಳ ಕೇಳಿಸಿತು: "ಏಯ್, ಅದು ನಮ್ಮ ವಾರ್ಡಿಂದು!" ಗಾಲಿಗಳ ಗಡಗಡ ಸದ್ದು. ಸಿಸ್ಟರ್ ತೂಕದ ಯಂತ್ರವೊಂದನ್ನು ತಳ್ಳಿಕೊಂಡು ಬಂದಳು. ಅದರ ಕಂಬಕ್ಕೆ 'ಹೆಂಗಸರ ವಾರ್ಡ್' ಎಂದು ಪಟ್ಟಿ ಅಂಟಿಸಿತ್ತು.

"ಇದು ಗೋಡೆ ಆಚೆ ಇತ್ತಾ?" ಎಂದಳು ಕಂಡಕ್ಟರಮ್ಮ. "ಇಷ್ಟು ದಿನ? ಒಂದು ಗೋಡೆ ಆಚೆ?"

"ಕೇಳಿದಾಗೆಲ್ಲ ಕೊಡಲ್ಲ ಅಂತಿದ್ರು" ಎಂದಳು ಸಿಸ್ಟರ್. ಯಂತ್ರವನ್ನು ಬಡಗಿಯ ಮಂಚದ ಪಕ್ಕ ನಿಲ್ಲಿಸಿದಳು. "ಇವತ್ತು ಕೇಳಲಿಲ್ಲ. ಎಳ್ಕೊಂಡು ಬಂದೆ."

ಬಡಗಿಯನ್ನು ಇಬ್ಬರು ಹಿಡಿದು ನಿಲ್ಲಿಸಿದರು. ಮುಳ್ಳು ಏರಿತು, ಏರಿತು, ಎಲ್ಲರೂ ಊಹಿಸಿದ ಜಾಗ ದಾಟಿ ನಿಂತಿತು. ಅನ್ನವೇ ಸೇರದವನು, ಆಪರೇಷನ್ ಕೋಣೆಯಲ್ಲಿ ಬರೆದಿಟ್ಟಿದ್ದ ತೂಕಕ್ಕಿಂತ ಒಂದು ಎಳೆಮಗುವಿನಷ್ಟು ಜಾಸ್ತಿ ಇದ್ದ. ಹಾಲಣ್ಣನನ್ನು ಆಗ ನಿಲ್ಲಿಸುವ ಹಾಗಿರಲಿಲ್ಲ, ಎಷ್ಟು ಒಣಗಿದ್ದಾನೆಂದು ನಿಲ್ಲಿಸದೆಯೂ ಗೊತ್ತಾಗುತ್ತಿತ್ತು. ಡಾಕ್ಟರ ಮುಖದಿಂದ ನಗುವೂ ಹೋಯಿತು, ಜಗಳವೂ ಹೋಯಿತು. ಬಡಗಿಯ ಬೆನ್ನಿಗೆ ಸ್ಟೆತಾಸ್ಕೋಪು ಇಟ್ಟು, ಕಣ್ಣು ಮುಚ್ಚಿ ಬಹಳ ಹೊತ್ತು ಕೇಳಿದರು. ಶ್ವಾಸಕೋಶದ ಕೆಳಗೆ, ಎರಡೂ ಕಡೆ, ನೀರು. ಎಕ್ಸ್‌ರೇ ಎಂದರು, ಆಕ್ಸಿಜನ್ ಎಂದರು, ಇಂಜೆಕ್ಷನ್ ಎಂದರು. ಹಾಲಣ್ಣನ ಕೈಗೆ ಡ್ರಿಪ್ ಹಾಕಲು ಹೇಳಿದರು. ಮನೆಗೆ ಕಳಿಸುವ ಕಾಗದವನ್ನು ಮಡಚಿ ಜೇಬಿಗೆ ತುರುಕಿದರು.

ಹೋಗುವ ಮುಂಚೆ ಬಡಗಿಯ ಹತ್ತಿರ ಬಗ್ಗಿ, "ಇದನ್ನ ಹೊತ್ಕೊಂಡು ಮನೆಗೆ ಹೋಗಿದ್ರೆ ವಾಪಸ್ ಬರೋಷ್ಟು ಸಮಯ ಸಿಗ್ತಿತ್ತೋ ಇಲ್ವೋ" ಎಂದರು. ಆಮೇಲೆ ಅವಳ ಕಡೆ ಅರ್ಧ ತಿರುಗಿ, "ಕಾಲು ನೋಡಬೇಕಿತ್ತು" ಎಂದರು. ಅದು ಕ್ಷಮೆಯೋ ವರದಿಯೋ ತಿಳಿಯಲಿಲ್ಲ. ಅವಳು ಯಾವುದನ್ನೂ ಸ್ವೀಕರಿಸಲಿಲ್ಲ.

ಹಗಲೆಲ್ಲ ಅವಳು ಗಂಡನೊಂದಿಗೆ ಮಾತಾಡಲಿಲ್ಲ. ಇಂಜೆಕ್ಷನ್ ಕೆಲಸ ಮಾಡಿತು. ಅವನು ಕರೆದಾಗಲೆಲ್ಲ ಜಗ್ಗು ಹಿಡಿದಳು. ಪರದೆಯ ಕಂಬಿ ಮುರಿದಿತ್ತು; ಅವಳೇ ಬೆನ್ನು ತಿರುಗಿಸಿ ಪರದೆಯ ಹಾಗೆ ನಿಂತಳು. ತುಂಬಿದ್ದನ್ನು ಕಿಟಕಿಯ ಬೆಳಕಿಗೆ ಹಿಡಿದು, ಕಣ್ಣಿನ ಮಟ್ಟಕ್ಕೆ ಎತ್ತಿ, ಗೆರೆ ಓದಿ, ಮುಂದಿನ ಸ್ಟಾಪಿನ ಹೆಸರು ಕೂಗುವ ಹಾಗೆ ಸಿಸ್ಟರಿಗೆ ಕೂಗಿದಳು. ವಾರ್ಡಿಗೆ ವಾರ್ಡೇ ಅವಳ ಗಂಡನ ಲೆಕ್ಕ ಕೇಳಿತು. ಬಡಗಿ ನಾಚಿಕೆಯಿಂದ ಗೋಡೆಗೆ ಮುಖ ಮಾಡಿದ. ಮಾಡಿಕೊಳ್ಳಲಿ ಎಂದುಕೊಂಡಳು.

ಸಂಜೆಯ ಹೊತ್ತಿಗೆ ಹಾಲಣ್ಣನ ತುಟಿಗೆ ಬಣ್ಣ ಬಂತು. ದಿಂಬಿನಿಂದ ಕತ್ತೆತ್ತಿ ಕೇಳಿದ, "ತಂಗೀ, ಇವರದು ಎಷ್ಟಾಯ್ತು?"

"ನಿಮಗ್ಯಾಕೆ?"

"ಸುಮ್ನೆ. ಸಾಕಾಗತ್ತಾ ಅಂತ."

"ಹಾಲಣ್ಣಾ, ಈ ಜಗ್ಗಿನ ಹತ್ರ ನಿಮ್ಮ ಕೈ ಬಂದ್ರೆ ಆ ಕೈ ನಿಮ್ಮ ಹತ್ರ ಇರಲ್ಲ. ಕೊಸರು ಹಾಕೋಕೆ ಜೀವ ಬೇಕಲ್ಲಾ? ಮೊದಲು ಅದನ್ನ ಉಳಿಸ್ಕೊಳ್ಳಿ."

"ಗಿರಾಕಿಗಳಿಗೆ..."

"ಹೇಳಲ್ಲ. ಹೋಗಿ." ಅವಳು ಅವನ ಪಾಲಿನ ಊಟದ ಡಬ್ಬಿಯನ್ನು ಅವನ ಮಂಚದ ಮೇಲೆ ಕುಕ್ಕಿದಳು. ಮುಚ್ಚಳ ಹಾರಿ ಬಿತ್ತು. ಅದನ್ನೆತ್ತಿ ಒರೆಸಿ, ಡಬ್ಬಿಯನ್ನು ಅವನ ಕೈಗೆ ನಿಲುಕುವ ಹಾಗೆ ಸರಿಸಿದಳು.

ಆಮೇಲೆ ತನ್ನ ಚಾಪೆ ತಂದಳು. ಇಷ್ಟು ದಿನ ಗೋಡೆಯ ಪಕ್ಕ ಹಾಸುತ್ತಿದ್ದದ್ದನ್ನು, ಇವತ್ತು ಎರಡು ಮಂಚಗಳ ನಡುವೆ ಅಡ್ಡವಾಗಿ ಹಾಸಿದಳು. ಅವಳನ್ನು ತುಳಿಯದೆ ಯಾರೂ ಆಚೀಚೆ ದಾಟುವ ಹಾಗಿರಲಿಲ್ಲ. ಕೂರುವಾಗ ಸೊಂಟ ಚಳಕ್ ಎಂದಿತು. ಬಾಯಿಗೆ ಬಂದ "ಅಯ್ಯೋ" ಎಂಬುದನ್ನು ಹಲ್ಲು ಕಚ್ಚಿ ನುಂಗಿದಳು. ನುಂಗಿದ್ದು ಇನ್ನಷ್ಟು ಕೋಪ ತಂದಿತು. ತನ್ನ ನೋವನ್ನು ಬೈಯುವ ಸ್ವಾತಂತ್ರ್ಯವನ್ನೂ ಈ ಮನುಷ್ಯ ಕಸಿದುಕೊಂಡನಲ್ಲ!

ಮೇಲಿಂದ ಬಡಗಿಯ ದನಿ ಬಂತು. ಮೂಗಿನ ಕೊಳವೆಯಿಂದ ಗುಂಯ್‌ಗುಡುವ ದನಿ. "ಬೈಯೇ. ಏನಾದ್ರೂ ಬೈಯಿ. ನೀನು ಸುಮ್ನಿದ್ರೆ ನನಗೆ ಉಸಿರು ಕಟ್ಟತ್ತೆ."

ಅವಳು ಬೈಯಲಿಲ್ಲ. ಚೀಲದಿಂದ ಚಪ್ಪಲಿ ತೆಗೆದಳು. ಮಂಡಿಯ ಮೇಲೆ ಕೂತು, ಹೊದಿಕೆಯೊಳಗಿಂದ ಅವನ ಬಲಗಾಲನ್ನು ಹೊರಗೆಳೆದು, ಚಪ್ಪಲಿಯನ್ನು ಅಂಗಾಲಿಗೆ ಒತ್ತಿ ಹಿಡಿದಳು. ಹೆಬ್ಬೆರಳು ಉಂಗುಟದೊಳಗೆ ನುಸುಳಿತು. ಮಿಕ್ಕ ಪಾದ ಹೊರಗೇ ಉಳಿಯಿತು.

"ಇದು ಪೂರ್ತಿ ಒಳಗೆ ಹೋಗೋ ತನಕ ಇಲ್ಲಿಂದ ಯಾರೂ ಕದಲಲ್ಲ" ಎಂದಳು. "ತಿಳೀತೇನ್ರೀ?"

ಬಹುವಚನ ಮರಳಿತ್ತು. ಬಡಗಿ ಅದನ್ನು ಗಮನಿಸಿದ. ಆದರೆ ಚಪ್ಪಲಿ ಇನ್ನೂ ಅವಳ ಕೈಯಲ್ಲೇ ಇದ್ದುದರಿಂದ, ಸುಮ್ಮನಿದ್ದ.